ಬೆರಳಿಗೆ ಏರಿದ ಟಗರು

ಕೆಲಸ ಬಿಟ್ಟು ಎಂಟು ತಿಂಗಳಾಯಿತು. ಮೊದಲು ಹೋದದ್ದು ಕುತ್ತಿಗೆ ನೋವು. ಅದರ ಹಿಂದೆಯೇ, ಕಂಡವರ ಕೈಬೆರಳಿಗೆಲ್ಲ ಮನಸ್ಸಿನಲ್ಲೇ ಅಳತೆ ಹಾಕುವ ಚಟವೂ ಹೋಯಿತು. ಬಸ್ಸಿನಲ್ಲಿ ಎದುರಿಗಿದ್ದವರು ಕಂಬಿ ಹಿಡಿದರೆ ಈಗ ನನಗೆ ಬರೀ ಕೈ ಕಾಣುತ್ತದೆ. ಮೊದಲಾದರೆ, ಇವರದು ಹದಿನೆಂಟು ಮಿಲಿಮೀಟರು, ಗೆಣ್ಣು ದಪ್ಪ, ಉಂಗುರ ಸ್ವಲ್ಪ ಸಡಿಲ ಇಡಬೇಕು ಎಂದು ಲೆಕ್ಕ ಹಾಕುತ್ತ ನನ್ನ ಊರು ದಾಟಿ ಹೋಗುತ್ತಿದ್ದೆ. ಆ ಲೆಕ್ಕ ನಿಂತದ್ದು ಎಷ್ಟು ಹಗುರ ಎನ್ನುವುದು ಈ ಕೆಲಸ ಮಾಡಿದವರಿಗೇ ಗೊತ್ತು.

ಹದಿನಾರು ವರ್ಷ ನಾನು ಅಣ್ಣಿಗೇರಿಯ ಒಂದು ಬಂಗಾರದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಉಂಗುರಗಳ ಆಕಾರ ಮಾಡಿದೆ. ಇದಕ್ಕೆ ಕ್ಯಾಡ್ ಕೆಲಸ ಅನ್ನುತ್ತಾರೆ. ಬಂಗಾರ ಮುಟ್ಟದೆ ಮಾಡುವ ಬಂಗಾರದ ಕೆಲಸ ಇದು. ನಾವು ಸ್ಕ್ರೀನಿನ ಮೇಲೆ ಮಾಡಿದ ಆಕಾರ ಫೈಲಾಗಿ ಹೋಗುತ್ತದೆ. ಒಂದು ಯಂತ್ರ ಅದನ್ನು ಪದರು ಪದರಾಗಿ ಮೇಣದಲ್ಲಿ ಕಟ್ಟುತ್ತದೆ. ಆ ಮೇಣದ ಸುತ್ತ ಅಚ್ಚು ಹಾಕಿ, ಮೇಣ ಕರಗಿಸಿ, ಆ ಜಾಗಕ್ಕೆ ಬಂಗಾರ ಎರೆಯುತ್ತಾರೆ. ಎರಕದಿಂದ ಬಂದ ಒರಟು ಉಂಗುರಕ್ಕೆ ಅರ ಹಾಕಿ, ಹೊಳಪು ಕೊಡುವುದು ನಮ್ಮ ಕಡೆ ಪತ್ತಾರ ಅನ್ನುವ ಅಕ್ಕಸಾಲಿಗನ ಕೈ. ನಾನು ಸೇರಿದ ಹೊಸದರಲ್ಲಿ ಫೈಲು ಮುಂಬೈಗೆ ಹೋಗಿ ಉಂಗುರ ಬರಲು ಹದಿನೈದು ದಿನ ಬೇಕಾಗುತ್ತಿತ್ತು. ಬಿಡುವ ಹೊತ್ತಿಗೆ ಬೆಳಿಗ್ಗೆ ಹುಬ್ಬಳ್ಳಿಗೆ ಕಳಿಸಿದರೆ ಮರುದಿನ ಮೇಣ ಕೈಗೆ ಬರುತ್ತಿತ್ತು. ವೇಗ ಹೆಚ್ಚಿದಂತೆ ತಪ್ಪು ಮಾಡಲು ಸಿಗುವ ಅವಕಾಶವೂ ಹೆಚ್ಚಿತು. ಹೊಸದಾಗಿ ಈ ಕುರ್ಚಿಗೆ ಬಂದು ಕೂಡುವ ಹುಡುಗ ಹುಡುಗಿಯರಿಗಾಗಿ ಆ ತಪ್ಪುಗಳಲ್ಲಿ ಕೆಲವನ್ನು ಬರೆದಿಡುತ್ತೇನೆ. ಸರಿಯಾಗಿ ಮಾಡಿದ್ದನ್ನು ನೀವು ಹೇಗೂ ಕಲಿಯುತ್ತೀರಿ.

ನಾನು ಪತ್ತಾರರ ಮನೆಯವಳಲ್ಲ. ಮೊದಲು ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಾಡುತ್ತಿದ್ದೆ. ಬಂಗಾರದ ಅಂಗಡಿಯ ಮಾಲಕರು ಗುರುಶಾಂತಪ್ಪನವರು ಒಂದು ದಿನ ತಮ್ಮ ಅಂಗಡಿಯ ಡಬ್ಬಿಗಳ ಮೇಲೆ ಹೆಸರು ಅಚ್ಚು ಹಾಕಿಸಲು ಬಂದರು. ನಾನು ಆಗ ಒಂದು ಪತ್ರಿಕೆಗೆ ನವಿಲಿನ ಚಿತ್ರ ತೆಗೆಯುತ್ತಿದ್ದೆ. ಅವರು ನನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಈ ನವಿಲ ನೀವ ತಗದೀರೇನ್ರಿ?"

"ಹೌದ್ರಿ."

"ಛಲೋ ಐತಿ. ಬೆನ್ನ ಕಡೆಯಿಂದ ನೋಡಿದ್ರ ಹೆಂಗ ಕಾಣತೈತಿ ಇದು?"

ಲಗ್ನಪತ್ರಿಕೆಯ ನವಿಲಿಗೆ ಬೆನ್ನೇ ಇರುವುದಿಲ್ಲ. ಅವರು ನಕ್ಕರು.

"ಬೆನ್ನು ಕಲತ ಬರ್ರಿ. ನನ್ನ ಅಂಗಡ್ಯಾಗ ನಿಮಗ ಕೆಲಸ ಐತಿ."

ನನಗಾಗ ನಲವತ್ತನಾಲ್ಕು. ಮೂರು ತಿಂಗಳು ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ನನ್ನ ಅರ್ಧ ವಯಸ್ಸಿನವರ ನಡುವೆ ಕೂತು ಬೆನ್ನು ಕಲಿತೆ. ಸ್ಕ್ರೀನಿನಲ್ಲಿ ಚೆಂಡನ್ನು ಎಳೆದರೆ ಹೊಟ್ಟೆ, ಹಿಂಡಿದರೆ ಕುತ್ತಿಗೆ, ಕೊಳವೆಯನ್ನು ಬಗ್ಗಿಸಿದರೆ ಕಾಲು. ಪ್ರಾಣಿಗಳ ಉಂಗುರ ನನಗೆ ಒಲಿದದ್ದು ಅಲ್ಲಿಯೇ. ಹೂ ಬಳ್ಳಿ ಎಲ್ಲರೂ ಮಾಡುತ್ತಿದ್ದರು. ಪ್ರಾಣಿ ಬೆರಳನ್ನು ಸುತ್ತಿಕೊಂಡು ಮಲಗಿದಂತೆ ಮಾಡಬೇಕೆಂದರೆ ಅದರ ಎಲುಬು ಎಲ್ಲಿ ಬಗ್ಗುತ್ತದೆ ಎಂದು ತಿಳಿದಿರಬೇಕು.

ಅಂಗಡಿಯಲ್ಲಿ ಪತ್ತಾರಕಿ ನೋಡಿಕೊಳ್ಳುತ್ತಿದ್ದವರು ಮೌನೇಶ ಕಾಕಾ. ಮೊದಲ ಒಂದು ತಿಂಗಳು ಅವರು ನನ್ನೊಂದಿಗೆ ಮಾತೇ ಆಡಲಿಲ್ಲ. ನನ್ನ ಕಂಪ್ಯೂಟರಿಗೆ "ಟೀವಿ" ಅನ್ನುತ್ತಿದ್ದರು. ಬೇರೆಯವರ ಮುಂದೆ, "ಆ ಟೀವಿ ಅಕ್ಕಾರಿಗೆ ಚಹಾ ಕೊಡ್ರಿ" ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು.

ಮಾತು ಶುರುವಾದದ್ದು ಒಂದು ಆಮೆಯಿಂದ. ನವಲಗುಂದದ ಒಬ್ಬ ಮಾಸ್ತರರು ಹೆಂಡತಿಗೆ ಆಮೆಯ ಉಂಗುರ ಮಾಡಿಸಿದ್ದರು. ನನ್ನ ಮೊದಲ ಪ್ರಾಣಿ ಅದು. ನಾಲ್ಕು ಕಾಲಿಗೂ ಉಗುರು ಮೂಡಿಸಿ, ಚಿಪ್ಪಿನ ಮೇಲೆ ಗೆರೆ ಕೊರೆದು, ಬಹಳ ಹೆಮ್ಮೆಯಿಂದ ಕೊಟ್ಟಿದ್ದೆ. ಎಂಟು ದಿನಕ್ಕೆ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ತಮ್ಮ ಇಳಕಲ್ ಸೀರೆಯ ಸೆರಗನ್ನು ಕೌಂಟರಿನ ಮೇಲೆ ಹರವಿದರು. ಆರು ಕಡೆ ಎಳೆ ಕಿತ್ತು ಬಂದಿತ್ತು. ಆಮೆಯ ಉಗುರು ಸಿಕ್ಕಿದ್ದಕ್ಕೆಲ್ಲ ಕೊಕ್ಕೆ ಹಾಕಿತ್ತು.

ಅವರು ಹೋದ ಮೇಲೆ ಕಾಕಾ ಮೊದಲ ಸಲ ನೇರವಾಗಿ ನನ್ನ ಕಡೆ ತಿರುಗಿದರು.

"ಸುಮಂಗಲಾ, ಇದನ್ನ ಕೈಯಾಗ ಹಾಕ್ಕೊಂಡ ರೊಟ್ಟಿ ಬಡದ ನೋಡೀಯೇನು?"

"ಇಲ್ರಿ ಕಾಕಾ."

"ಮತ್ತ? ಟೀವಿ ರೊಟ್ಟಿ ಬಡೀತೈತೇನು?"

ಅಂದಿನಿಂದ ನನಗೊಂದು ನೇಮವಾಯಿತು. ಹೊಸ ಆಕಾರ ಮಾಡಿದಾಗಲೆಲ್ಲ ಮೊದಲು ಬೆಳ್ಳಿಯಲ್ಲಿ ಒಂದು ಎರಕ ತೆಗೆಸಿ ಮನೆಗೆ ಒಯ್ಯುವುದು. ಅದನ್ನು ಹಾಕಿಕೊಂಡೇ ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಮುಖ ತೊಳೆಯುವುದು. ಹಿಟ್ಟು ಸಿಕ್ಕಿಕೊಂಡ ಸಂದಿ ಮುಚ್ಚಬೇಕು, ಕೆನ್ನೆ ಗೀಚಿದ ಮೂಲೆ ದುಂಡಗಾಗಬೇಕು. ಹುಡುಗರೇ, ನಿಮ್ಮ ಸಾಫ್ಟ್‌ವೇರ್ ನೂರು ತರಹದ ಪರೀಕ್ಷೆ ಮಾಡಿ ತೋರಿಸಬಹುದು. ಜೋಳದ ಹಿಟ್ಟಿನಷ್ಟು ನಿಷ್ಠುರವಾದದ್ದು ಅದರಲ್ಲಿ ಇಲ್ಲ.

ಇನ್ನೊಂದು ತಪ್ಪು ಕುದುರೆಯದು. ಒಬ್ಬ ಕಾಳು ವ್ಯಾಪಾರಿಗೆ ಕುದುರೆ ತಲೆಯ ಉಂಗುರ ಬೇಕಿತ್ತು. ಆರು ದಿನ ಕೂತು ಅದರ ಜೂಲನ್ನು ಒಂದೊಂದೇ ಕೂದಲಾಗಿ ಎಳೆದೆ. ಸ್ಕ್ರೀನಿನ ಮೇಲೆ ಗಾಳಿಗೆ ಹಾರುತ್ತಿದೆ ಅನ್ನಿಸಬೇಕು, ಹಾಗಿತ್ತು. ಎರಕ ಬಂತು, ಕಾಕಾ ಹೊಳಪು ಹಾಕಿ ಕೊಟ್ಟರು. ನೋಡಿದರೆ ಬೋಳು ಕುದುರೆ.

"ಕಾಕಾ, ಕೂದಲಾ ಎಲ್ಲಿ ಹೋದ್ವು?"

"ಅರ ತಿಂತು. ಕೂದಲಕ್ಕಿಂತ ಸಣ್ಣ ಮಾಡಿದ್ರ ಅರ ಬಿಡತೈತೇನು?"

ಗುರುಶಾಂತಪ್ಪನವರು ಯಾರನ್ನೂ ಬೈದವರಲ್ಲ. ಅವರ ರೀತಿಯೇ ಬೇರೆ. ಕೆಟ್ಟ ನಗವನ್ನು ತಂದು ನಮ್ಮ ಮೇಜಿನ ಮೇಲೆ, ಕಣ್ಣಿಗೆ ಬೀಳುವಲ್ಲಿ ಇಟ್ಟು ಹೋಗುತ್ತಿದ್ದರು. ಆ ಬೋಳು ಕುದುರೆ ಒಂದು ವಾರ ನನ್ನ ಕೀಬೋರ್ಡಿನ ಬಾಜೂಕ್ಕೆ ಕೂತು ನನ್ನನ್ನು ನೋಡಿತು. ಎಂಟನೆಯ ದಿನ ಅವರೇ ಬಂದು ಅದನ್ನು ಕರಗಿಸಲು ಒಯ್ದರು. ಬೈದಿದ್ದರೆ ಮರುದಿನ ಮರೆಯುತ್ತಿದ್ದೆನೇನೋ. ಸ್ಕ್ರೀನಿನ ಮೇಲೆ ನಾವು ಕುದುರೆಯನ್ನು ಎಮ್ಮೆಯಷ್ಟು ದೊಡ್ಡದು ಮಾಡಿಕೊಂಡು ಕೆಲಸ ಮಾಡುತ್ತೇವೆ, ಹಾಕಿಕೊಳ್ಳುವವರಿಗೆ ಅದು ಒಂದು ಹುಣಸೆ ಬೀಜ. ಆಮೇಲೆ ನಾನು ಸ್ಕ್ರೀನಿನ ಒಂದು ಮೂಲೆಯಲ್ಲಿ ಉಂಗುರವನ್ನು ಅದರ ನಿಜವಾದ ಅಳತೆಯಲ್ಲೇ ಸದಾ ತೆರೆದಿಡುತ್ತಿದ್ದೆ. ಅಲ್ಲಿ ಕಾಣದ್ದನ್ನು ಮಾಡುತ್ತಿರಲಿಲ್ಲ.

ಇವೆಲ್ಲ ನಗಬಹುದಾದ ತಪ್ಪುಗಳು. ಒಂದು ಮಾತ್ರ ಹಾಗಿರಲಿಲ್ಲ.

ಯರಗುಪ್ಪಿಯ ಬೀರಪ್ಪ ಮತ್ತು ಅವನ ಹೆಂಡತಿ ಮಾಳವ್ವ ನಮ್ಮ ಅಂಗಡಿಗೆ ಬಂದದ್ದು ನಾನು ಸೇರಿ ಹತ್ತು ವರ್ಷವಾದ ಮೇಲೆ. ಕುರಿ ಸಾಕುವ ಮನೆತನ. ಬೀರಪ್ಪ ಮೊಬೈಲು ತೆಗೆದು ಒಂದು ಟಗರಿನ ಫೋಟೋ ತೋರಿಸಿದ.

"ಸರದಾರ ಅಂತ ಹೆಸರ್ರಿ. ಇದರ ಉಂಗುರ ಆಗಬೇಕ್ರಿ ಅಕ್ಕಾರ."

ಮಾಳವ್ವ ಬಾಯಿ ಹಾಕಿದಳು. "ಮುಂಜಾನಿಂದ ಸಂಜಿತನಾ ಅದರ ಹಿಂದ ಇರ್ತಾನ್ರಿ. ಬೆರಳಿನ್ಯಾಗೊಂದು ಇದ್ರ ಊಟಕ್ಕರ ಮನಿಗೆ ಬಂದಾನು."

ನನಗೆ ಕೆಲಸ ಇಷ್ಟವಾಯಿತು. ಟಗರಿನ ಮೈಯೇ ಉಂಗುರದ ಸುತ್ತು. ಎಡಗಾಲುಗಳು ಒಂದು ಕಡೆಯಿಂದ, ಬಲಗಾಲುಗಳು ಇನ್ನೊಂದು ಕಡೆಯಿಂದ ಬಂದು ಅಂಗೈ ಬದಿಗೆ ಕೂಡುತ್ತವೆ. ಮೇಲೆ ತಲೆ, ಎರಡು ಬದಿಗೆ ಸುರುಳಿ ಕೋಡು. ಒಂದು ಬದಿಯನ್ನು ಮಾಡಿದೆ. ಸಾಫ್ಟ್‌ವೇರಿನಲ್ಲಿ ಕನ್ನಡಿಯಂತೆ ಮಗ್ಗುಲು ತಿರುಗಿಸುವ ಒಂದು ಗುಂಡಿ ಇದೆ. ಒತ್ತಿದರೆ ಎಡಗಡೆಯದು ಬಲಗಡೆಗೂ ಮೂಡುತ್ತದೆ. ಒತ್ತಿದೆ. ಎರಡೇ ದಿನದಲ್ಲಿ ಟಗರು ತಯಾರು.

ಬೀರಪ್ಪ ಬಂದು ಸ್ಕ್ರೀನು ನೋಡಿದ. ತಲೆಯನ್ನು ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ.

"ಅಕ್ಕಾರ, ಟಗರು ಹೌದ್ರಿ ಇದು. ಸರದಾರ ಅಲ್ಲ."

"ಯಾಕ್ರಿ? ಏನ್ ಕಡಿಮಿ ಆತು?"

"ಅದು ನನ್ನ ನೋಡಾಕತ್ತಿಲ್ರಿ."

ಇದಕ್ಕೆ ಏನು ತಿದ್ದಬೇಕು? ಕಣ್ಣು ದೊಡ್ಡದು ಮಾಡಿದೆ, ಆಳ ಮಾಡಿದೆ. ಅವನು ಪಾಪ, "ಇರ್ಲಿ ಬಿಡ್ರಿ, ಛಲೋ ಆಗೇತಿ" ಅಂದ. ಆ "ಇರ್ಲಿ ಬಿಡ್ರಿ" ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮರುದಿನ ರಜೆ ಹಾಕಿ ಯರಗುಪ್ಪಿಯ ಬಸ್ಸು ಹತ್ತಿದೆ.

ಸರದಾರ ಎರೆ ಹೊಲದ ಬದುವಿನಲ್ಲಿ ಬೇವಿನ ಗಿಡಕ್ಕೆ ಕಟ್ಟಿಸಿಕೊಂಡು ನಿಂತಿದ್ದ. ಕೋಡಿನ ಸುರುಳಿ ಅಳೆಯಲು ನಾನು ದಾರ ಹಿಡಿದು ಹತ್ತಿರ ಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅಂಜಿದ ಎಂದು ನಾನು ತಿಳಿದೆ.

"ಅಕ್ಕಾರ, ಸರೀರಿ! ಹಿಂದ ಸರದ ಅಂದ್ರ ಹಾಯಾಕ ಬಂದ ಅಂತ!" ಎಂದು ಮಾಳವ್ವ ಕೂಗಿದಳು.

ನಾನು ಸರಿದೆ. ನನ್ನ ಚೀಲ ಸರಿಯಲಿಲ್ಲ. ಅದರೊಳಗಿದ್ದ ಊಟದ ಡಬ್ಬಿಯ ತಗ್ಗು ಇವತ್ತಿಗೂ ಹಾಗೇ ಇದೆ. ಬೀರಪ್ಪ ಟಗರಿನ ಕೊರಳು ತಬ್ಬಿ ಹಿಡಿದ ಮೇಲೆ ಅಳತೆ ಆಯಿತು. ಆಗ ಕಂಡಿತು. ಸರದಾರನ ಎಡಗೋಡು ಕೆನ್ನೆಗೆ ಒತ್ತಿಕೊಂಡು ಬೆಳೆದಿತ್ತು, ಬಲಗೋಡು ದೂರ ಚಾಚಿತ್ತು. ಎಡಗಣ್ಣಿಗೆ ಕೋಡು ಅಡ್ಡ ಬರುವುದರಿಂದ ಅವನು ಯಾರನ್ನು ನೋಡಬೇಕಾದರೂ ತಲೆಯನ್ನು ತುಸು ಓರೆ ಮಾಡುತ್ತಿದ್ದ. ಆ ಓರೆ ನೋಟವೇ ಬೀರಪ್ಪನ ಪಾಲಿಗೆ ಸರದಾರ. ನನ್ನ ಕನ್ನಡಿ ಗುಂಡಿ ಅದನ್ನು ಅಳಿಸಿಹಾಕಿತ್ತು.

ವಾಪಸು ಬಂದು ಅರ್ಧ ಟಗರನ್ನು ಅಳಿಸಿ, ಬಲಗಡೆಯನ್ನು ಬೇರೆಯಾಗಿಯೇ ಮಾಡಿದೆ. ಒಂಬತ್ತು ದಿನ ಹಿಡಿಯಿತು. ಆದರೆ ಆ ಖುಷಿಯಲ್ಲಿ ಇನ್ನೊಂದು ಕಡೆ ಎಡವಿದೆ. ಬೀರಪ್ಪ ಹೇಳಿದ ತೂಕಕ್ಕಿಂತ ಉಂಗುರ ಹೆಚ್ಚಾಗುತ್ತಿತ್ತು. ಹಾಗಾಗಿ ಬೆರಳಿಗೆ ತಾಗುವ ಒಳಬದಿಯಲ್ಲಿ, ಟಗರಿನ ತಲೆ ಮತ್ತು ಎದೆಯ ಅಡಿಗೆ ಪೊಳ್ಳು ಮಾಡಿದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಎರಕ ಕೈಗೆ ಬಂದಾಗ ಕಾಕಾ ಅದರೊಳಗೆ ಬೆರಳು ಆಡಿಸಿ ನೋಡಿದರು.

"ಒಳಗ ಗುಂಡಿ ಬಿಟ್ಟೀಯಲ್ಲ. ಒಂದ ತಗಡ ಬೆಸದು ಮುಚ್ಚೂಣೇನು?"

"ಬ್ಯಾಡ್ರಿ ಕಾಕಾ, ಎರಡ ದಿನಾ ಹಿಡೀತೈತಿ. ನಾಳೆನ ಕೊಡಬೇಕು. ಒಳಗ ಯಾರ್ ನೋಡ್ತಾರ?"

ರೊಟ್ಟಿ ಬಡಿಯುವ ನೇಮವನ್ನೂ ಆ ಸಲ ಬಿಟ್ಟೆ. ಪೊಳ್ಳಿನ ವಿಷಯ ಬೀರಪ್ಪನಿಗೆ ಹೇಳಲಿಲ್ಲ. ಮರುದಿನ ಅವನು ಉಂಗುರ ಹಾಕಿಕೊಂಡು, ಕೈ ಚಾಚಿ, "ಹಾಂ, ಈಗ ನೋಡಾಕತ್ತಾನ ನೋಡ್ರಿ!" ಎಂದು ಅಂಗಡಿಯವರಿಗೆಲ್ಲ ತೋರಿಸಿದ. ಆ ಮಾತಿನ ಮುಂದೆ ನನಗೆ ಬೇರೇನೂ ನೆನಪಾಗಲಿಲ್ಲ.

ವರ್ಷ ಒಪ್ಪತ್ತು ಕಳೆಯಿತು. ಬೀರಪ್ಪನ ಕುರಿಮಂದೆ ಅಣ್ಣಿಗೇರಿಯ ಹತ್ತಿರದ ಹೊಲಗಳಲ್ಲಿ ಬೀಡು ಬಿಟ್ಟಿದ್ದ ದಿನಗಳವು. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಂಗಡಿಯ ಫೋನು ರಿಂಗಾಯಿತು. ಎತ್ತಿದರೆ ಮಾಳವ್ವ, ಅಳುತ್ತಿದ್ದಳು.

"ಅಕ್ಕಾರ, ಕಣಜದ ಹುಳ ಕಡದಾವ್ರಿ ಕೈಗೆ. ಕೈ ಅಗದಿ ಬುರುಬುರು ಬಾತೈತಿ. ಉಂಗುರ ಬರವಲ್ದು. ಬೆರಳು ಕರ್ರಗಾಗಾಕತ್ತೈತ್ರಿ!"

ಅವನನ್ನು ಊರಿನ ಒಂದು ಸಣ್ಣ ದವಾಖಾನೆಗೆ ಕರೆತಂದಿದ್ದರು. ಡಾಕ್ಟರು ಫೋನು ಇಸಿದುಕೊಂಡರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಧ್ವನಿ ಗಟ್ಟಿಯಾಗಿತ್ತು. "ಎಣ್ಣಿ ಹಚ್ಚಿ ನೋಡೀವ್ರಿ, ದಾರ ಸುತ್ತಿ ನೋಡೀವಿ. ಉಂಗುರ ಕತ್ತರಸೂ ಚಕ್ರ ಇಟ್ಟೀನಿ, ಅಂಗೈ ಕಡೆಯಿಂದ. ಇಪ್ಪತ್ತ ನಿಮಿಷ ಆತು, ಅರ್ಧನೂ ಇಳದಿಲ್ಲ. ಉಂಗುರ ಬಿಸಿ ಆಗಾಕತ್ತೈತಿ. ಇದನ್ನ ಮಾಡಿದವರು ನೀವಲ್ಲ? ಇದು ಎಲ್ಲಿ ತೆಳ್ಳಗೈತಿ ಹೇಳ್ರಿ. ತಡಾ ಆದ್ರ ಬೆರಳಿನ ಆಸೆ ಬಿಡಬೇಕಾಗತೈತಿ."

ಅಂಗೈ ಬದಿಗೆ ನಾಲ್ಕೂ ಕಾಲು ಕೂಡುತ್ತವೆ. ಇಡೀ ಉಂಗುರದಲ್ಲಿ ಅದೇ ದಪ್ಪ ಜಾಗ. ಸಾಮಾನ್ಯವಾಗಿ ಉಂಗುರಗಳು ಅಂಗೈ ಬದಿಗೆ ತೆಳುವಾಗಿರುವುದರಿಂದ ಅವರು ಅಲ್ಲಿಯೇ ಕತ್ತರಿಸುತ್ತಿದ್ದರು. ತಪ್ಪು ಅವರದಲ್ಲ.

"ಕತ್ತರಸೂದ ನಿಲ್ಲಸ್ರಿ ಡಾಕ್ಟರ್, ಬಂದೆ" ಎಂದು ಹೇಳಿ ಫೈಲು ತೆರೆದೆ. ಉಂಗುರವನ್ನು ಸ್ಕ್ರೀನಿನ ಮೇಲೆ ಅಡ್ಡ ಸೀಳಿ ಒಳಗಿನ ದಪ್ಪ ನೋಡಿದೆ. ಮುಂಗಾಲಿನ ಹಿಂದೆ, ಪಕ್ಕೆಲುಬಿನ ಜಾಗದಲ್ಲಿ ಒಂದೂವರೆ ಮಿಲಿಮೀಟರು. ಎರಡೂ ಬದಿಗೆ. ಮೇಲೆ ಉಣ್ಣೆಯ ಗುಂಗುರು ಇದ್ದುದರಿಂದ ದಪ್ಪಗಿರುವಂತೆ ಕಾಣುತ್ತದೆ, ಅಷ್ಟೆ. ಚಿತ್ರವನ್ನು ಕಾಗದದ ಮೇಲೆ ತೆಗೆದುಕೊಂಡೆ. ಕಾಕಾ ಆಗಲೇ ಸಣ್ಣ ಗರಗಸ, ಒಂದು ತೆಳುವಾದ ಹಿತ್ತಾಳೆ ಪಟ್ಟಿ, ಚಿಮಟ ಕರವಸ್ತ್ರದಲ್ಲಿ ಕಟ್ಟಿಕೊಂಡು ಚಪ್ಪಲಿ ಮೆಟ್ಟಿದ್ದರು. ಗುರುಶಾಂತಪ್ಪನವರು ಗಿರಾಕಿಗಳ ನಡುವಿನಿಂದ ಎದ್ದು ಬಂದು, "ಗಾಡಿ ಬಾಗಲದಾಗ ನಿಂತೈತಿ, ಹೋಗ್ರಿ" ಅಂದರು. ಏನಾಯಿತು ಎಂದೂ ಕೇಳಲಿಲ್ಲ.

ದವಾಖಾನೆಯಲ್ಲಿ ಬೀರಪ್ಪ ಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಕೈ ಊದಿ ಬದನೆಕಾಯಿಯಾಗಿತ್ತು. ಉಂಗುರ ಕಾಣುತ್ತಲೇ ಇರಲಿಲ್ಲ, ಊದಿದ ಮಾಂಸದ ನಡುವಿನಿಂದ ಟಗರಿನ ತಲೆಯೊಂದೇ ಎದ್ದಿತ್ತು. ಡಾಕ್ಟರು ತಲೆಯ ಅಂಚಿನ ಚರ್ಮ ಒತ್ತಿ, ಭೂತಗನ್ನಡಿಯಲ್ಲಿ ನೋಡಲು ಹೇಳಿದರು. ನೋಡಿದೆ. ನಾನು ಬಿಟ್ಟ ಪೊಳ್ಳಿನೊಳಕ್ಕೆ ಬೆರಳಿನ ಮಾಂಸ ಉಬ್ಬಿ ಹೊಕ್ಕಿತ್ತು. ಎಣ್ಣೆ ಹಚ್ಚಿದರೂ ಉಂಗುರ ಒಂದು ಕೂದಲೆಳೆಯೂ ತಿರುಗದ್ದು ಅದಕ್ಕೇ. ಕಣಜದ ಹುಳ ಕಡಿದದ್ದು ಕೈಯನ್ನು. ಉಂಗುರವನ್ನು ಅಲ್ಲಿ ಸಿಕ್ಕಿಸಿದವಳು ನಾನು.

ಅಲ್ಲಿ ನಿಂತು ಅಳಲು ಹೊತ್ತಿರಲಿಲ್ಲ. ಉಬ್ಬಿದ ಚರ್ಮ ಸರಿಸಿ, ಪೆನ್ನಿನಿಂದ ಎರಡು ಪಕ್ಕೆಗೂ ಒಂದೊಂದು ಗೆರೆ ಎಳೆದೆ. ಅಲ್ಲಿ ಒಳಬದಿ ನುಣುಪಾಗಿತ್ತು, ಪೊಳ್ಳು ಅಲ್ಲಿಗೆ ಬರುತ್ತಿರಲಿಲ್ಲ. ಡಾಕ್ಟರು ಬೆರಳಿಗೆ ನೋವು ತಿಳಿಯದ ಸೂಜಿ ಕೊಟ್ಟು, ಊದಿದ ಚರ್ಮವನ್ನು ಒತ್ತಿ ಹಿಡಿದರು. ಕಾಕಾ ಹಿತ್ತಾಳೆಯ ಪಟ್ಟಿಯನ್ನು ಉಂಗುರಕ್ಕೂ ಬೆರಳಿಗೂ ನಡುವೆ ಎಳೆ ಎಳೆಯಾಗಿ ತೂರಿಸಿದರು. ಮೊದಲ ಸಲ ಹೋಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಪಟ್ಟಿಯ ತುದಿ ಆಚೆ ಕಂಡಿತು.

"ಎಷ್ಟ ಆಳ ಹೇಳ ತಂಗಿ" ಅಂದರು ಕಾಕಾ. ಗರಗಸ ಆಗಲೇ ಗೆರೆಯ ಮೇಲಿತ್ತು.

"ಒಂದೂವರಿ ಮಿಲಿಮೀಟರ್ರಿ. ಉಣ್ಣಿ ಬಿಟ್ಟು."

"ಮಿಲಿಮೀಟರ್ ಬ್ಯಾಡ. ನನ್ನ ಭಾಷಾದಾಗ ಹೇಳ."

"ಐದು ಪೈಸೆ ಬಿಲ್ಲಿ ಇತ್ತಲ್ರಿ ಮೊದಲ? ಅದರ ದಪ್ಪ."

ಅವರು ತಲೆಯಾಡಿಸಿ ಎಳೆದರು. ಬಂಗಾರದ ಪುಡಿ ಬಿಳಿ ಬಟ್ಟೆಯ ಮೇಲೆ ಉದುರಿತು. ಗರಗಸದ ಸದ್ದೊಂದು, ಮಾಳವ್ವ ಬಾಗಿಲಲ್ಲಿ ನಿಂತು ದೇವರ ಹೆಸರು ಹೇಳುತ್ತಿದ್ದ ಸದ್ದೊಂದು. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು, ಗರಗಸ ಹಿತ್ತಾಳೆಗೆ ತಾಗಿತ್ತು. ಕಾಕಾ ಉಸಿರು ಬಿಟ್ಟು, ಹಣೆ ಒರೆಸಿಕೊಂಡು, ಎರಡನೆಯ ಪಕ್ಕೆಗೆ ಹೋದರು. ಅಲ್ಲಿಯೂ ನಾನು ಹೇಳಿದಷ್ಟೇ ದಪ್ಪ ಇತ್ತು. ನನ್ನ ಜೀವನದಲ್ಲಿ ಒಂದು ಅಳತೆ ಸರಿಯಿದ್ದುದಕ್ಕೆ ಅಷ್ಟು ಸಮಾಧಾನ ಎಂದೂ ಆಗಿಲ್ಲ.

ಕಾಲಿನ ಭಾಗ ಕೆಳಗೆ ಬಿತ್ತು. ತಲೆಯ ಭಾಗವನ್ನು ಡಾಕ್ಟರು ಚಿಮಟದಿಂದ ಮೆಲ್ಲಗೆ, ಮಾಂಸದಿಂದ ಬಿಡಿಸಿ ಎತ್ತಿದರು. ಅದರ ಕೆಳಗೆ ನನ್ನ ಪೊಳ್ಳಿನ ಆಕಾರವೇ ಬೆರಳ ಮೇಲೆ ಉಬ್ಬಾಗಿ ಎದ್ದು ನಿಂತಿತ್ತು. ಎಲ್ಲರೂ ಬೆರಳನ್ನೇ ನೋಡುತ್ತಿದ್ದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಕಪ್ಪು ಕಂದಾಯಿತು. ಕಂದು ಕೆಂಪಾಯಿತು. ಉಗುರಿನ ಬುಡದಲ್ಲಿ ಗುಲಾಬಿ ಬಣ್ಣ ಕಂಡಾಗ ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತು, "ಬದುಕ್ತು" ಅಂದರು. ಅಲ್ಲಿಯವರೆಗೆ ಅವರಿಗೂ ಅಂಜಿಕೆಯಾಗಿತ್ತು ಎಂದು ನನಗೆ ತಿಳಿದದ್ದು ಆಗ.

ಒಂದು ತಾಸಿನ ಮೇಲೆ, ಸೂಜಿಯ ಅಮಲು ಇಳಿದಾಗ, ಅವರು ಬೆರಳ ತುದಿಗೆ ಚುಚ್ಚಿ ನೋಡಿದರು.

"ಹತ್ತತೈತೇನು?"

"ಹತ್ತತೈತ್ರಿ! ಯಪ್ಪಾ, ಸಾಕ್ರಿ, ಹತ್ತತೈತಿ!" ಎಂದು ಬೀರಪ್ಪ ಕೂಗಿದ. ಮಾಳವ್ವ ಅಳುತ್ತಲೇ ನಕ್ಕಳು. ಕಾಕಾ ಹೊರಗೆ ಹೋಗಿ ಎಲ್ಲರಿಗೂ ಚಹಾ ಹೇಳಿ ಬಂದರು.

ಚಹಾ ಕುಡಿಯುವಾಗ ನಾನು ಬೀರಪ್ಪನಿಗೆ ಹೇಳಿದೆ. ಪೊಳ್ಳು ಬಿಟ್ಟದ್ದು, ಕಾಕಾ ಮುಚ್ಚೋಣ ಅಂದದ್ದು, ನಾನು ಅವಸರ ಮಾಡಿದ್ದು, ಎಲ್ಲವನ್ನೂ. ಅವನು ಬೆರಳನ್ನು ತಿರುಗಿಸಿ ನೋಡಿಕೊಂಡ.

"ಉಂಗುರ ಕೊಡುಮುಂದ ಹೇಳಬೇಕಿತ್ರಿ ಅಕ್ಕಾರ" ಅಂದ.

"ಹೌದಪ್ಪಾ. ಹೇಳಬೇಕಿತ್ತು."

"ಹೇಳಿದ್ರೂ ನಾ ಹಾಕ್ಕೋತಿದ್ದೆ ಅನ್ರಿ. ಹುಳ ಕಡದ ಕೂಡ್ಲೆ ತಗೀತಿದ್ದೆ. ಇಷ್ಟ ಆಗ್ತಿರ್ಲಿಲ್ಲ."

ಇಷ್ಟೇ ಅವನು ಅಂದದ್ದು. ಇದರಲ್ಲಿ ಬೈಗುಳವೂ ಇರಲಿಲ್ಲ, ಮಾಫಿಯೂ ಇರಲಿಲ್ಲ. ನಿಜ ಇತ್ತು. ಗುರುಶಾಂತಪ್ಪನವರಿಗೆ ಹೇಳಿದಾಗ ಅವರು ಉಂಗುರದ ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿದರು. ನನ್ನ ಮೇಜಿನ ಮೇಲೆ ಇಡುತ್ತಾರೆ, ಈ ಸಲ ವಾರವಲ್ಲ, ವರ್ಷ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ. "ನೀವ ನಿಮ್ಮ ಬಾಯೀಲೆ ಹೇಳೀರಿ. ಇದನ್ನ ಇಟ್ಟು ನೆನಪ ಮಾಡೂದೇನೈತಿ" ಎಂದು ಕಾಕಾನ ಕೈಗೆ ಕೊಟ್ಟರು.

ಆ ದಿನದಿಂದ ನನ್ನ ಕೆಲಸದ ರೀತಿ ಬದಲಾಯಿತು. ಬೆರಳಿಗೆ ತಾಗುವ ಬದಿಗೆ ಪೊಳ್ಳು ಬಿಟ್ಟರೆ ಮುಚ್ಚದೆ ಕೊಡಲಿಲ್ಲ. ಎಷ್ಟು ಅವಸರವಿದ್ದರೂ ರೊಟ್ಟಿ ಬಡಿಯದೆ ಕಳಿಸಲಿಲ್ಲ. ಪ್ರತಿ ದಪ್ಪ ಉಂಗುರದ ಅಂಚಿಗೂ, ತೆಳುವಾದ ಎರಡು ಕಡೆ, ಉಗುರಿಗೆ ಮಾತ್ರ ಸಿಗುವಂಥ ಒಂದು ಗೀರು ಹಾಕತೊಡಗಿದೆ. ಉಂಗುರ ಕೊಡುವಾಗ, "ಆಪತ್ತು ಬಂದ್ರ ಇಲ್ಲಿ ಕತ್ತರಸಾಕ ಹೇಳ್ರಿ" ಎಂದು ತೋರಿಸುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು. ದೇವಿಕೊಪ್ಪದ ಒಬ್ಬ ಹಿರಿಯರು, "ಹೊಸ ಬಂಗಾರ ಕೈಗೆ ಕೊಡುಮುಂದ ಕತ್ತರಸೂ ಮಾತ ಆಡ್ತೀಯಲ್ಲ ಯವ್ವಾ" ಎಂದು ಎದ್ದು ಹೋಗಿ, ಅರ್ಧ ತಾಸಿನ ಮೇಲೆ ತಿರುಗಿ ಬಂದು, "ಎಲ್ಲಿ ಅಂದಿ? ಇನ್ನೊಮ್ಮೆ ತೋರ್ಸು" ಅಂದರು. ಉಂಗುರ ಮಾಡಲು ಕೂತಾಗ ನಾವೆಲ್ಲ ಅದು ಬೆರಳಿಗೆ ಹೇಗೆ ಏರುತ್ತದೆ ಎಂದಷ್ಟೇ ಯೋಚಿಸುತ್ತೇವೆ. ಹೇಗೆ ಇಳಿಯುತ್ತದೆ ಎಂದು ಮೊದಲು ಯೋಚಿಸಿ. ಇಷ್ಟನ್ನು ನೀವು ನೆನಪಿಟ್ಟುಕೊಂಡರೆ ನಾನು ಇದನ್ನು ಬರೆದದ್ದು ಸಾರ್ಥಕ.

ಬೀರಪ್ಪ ಎರಡು ತಿಂಗಳ ಮೇಲೆ ಬಂದ. ಕೈ ಪೂರಾ ಇಳಿದಿತ್ತು. ಅದೇ ಬಂಗಾರ ಕರಗಿಸಿ ಇನ್ನೊಂದು ಮಾಡಿಕೊಡಿ ಅಂದ. ಅಂಗಡಿಯಲ್ಲಿದ್ದವರೆಲ್ಲ ಅವನ ಮುಖ ನೋಡಿದರು. ಈ ಸಲ ತಲೆ ಸಣ್ಣದು ಮಾಡಿದೆ, ಸುತ್ತು ಒಂದು ಅಳತೆ ಸಡಿಲ ಇಟ್ಟೆ, ಒಳಮೈಯನ್ನು ಕಾಕಾ ಕೈಯಾರೆ ತಗಡು ಬೆಸೆದು ಮುಚ್ಚಿ, ಕನ್ನಡಿಯಂತೆ ಉಜ್ಜಿದರು.

ಕೊಡುವ ದಿನ ಅವನು ಕೌಂಟರಿನ ಮುಂದೆ ನಿಂತು ಉಂಗುರ ಹಾಕಿದ, ತೆಗೆದ. ಮತ್ತೆ ಹಾಕಿದ, ತೆಗೆದ. ಗೆಣ್ಣು ದಾಟುವಾಗ ಒಂದು ಕ್ಷಣ ತಡೆದು, ಸರಕ್ಕನೆ ಕೈಗೆ ಬರುತ್ತಿತ್ತು.

"ಇದೇನ್ ಆಟಾ ಹಚ್ಚೀಲೇ ಬೀರಪ್ಪಾ?" ಅಂದರು ಕಾಕಾ.

"ಬರತೈತೋ ಇಲ್ಲೋ ನೋಡಾಕತ್ತೀನ್ರಿ."

"ಹತ್ತ ಸಲಾ ಬಂತಲ್ಲ!"

"ಹನ್ನೊಂದನೇ ಸಲಾನೂ ಬರ್ಲಿ ತಡೀರಿ."

ಮಾಳವ್ವ ಬದಿಗೆ ನಿಂತು ನೋಡುತ್ತಿದ್ದವಳು ಅಂಗೈ ಚಾಚಿದಳು. "ಕೊಡ ಇತ್ತ. ಅಡವ್ಯಾಗ ಇರೂತನಾ ನನ್ನ ಹಂತೇಕ ಇರ್ಲಿ. ಮನಿಗೆ ಬಂದಾಗ ಹಾಕ್ಕೊಳವಂತಿ." ಅವನು ಒಲ್ಲದ ಮನಸ್ಸಿನಿಂದ ಕೊಟ್ಟ. ಅವಳು ಅದನ್ನು ತನ್ನ ಹೆಬ್ಬೆರಳಿಗೆ ಏರಿಸಿದಳು. ಮಾಡಿಸಿದ ಹಾಗೆ ಕೂತಿತು. ಕೈ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಅಯ್ಯ, ನನಗ ಬರಾಬರಿ ಐತಲ್ಲ ಇದು!" ಅಂದಳು.

ಬೀರಪ್ಪ ಉಂಗುರ ವಾಪಸು ಕೇಳಲು ಬಾಯಿ ತೆರೆದ. ಅವಳು ಆಗಲೇ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದಿದ್ದಳು.